ಎಂಟು ಗಂಟೆಯ ರಾತ್ರಿಗಾಗಿ ಮತ ಹಾಕಿದ ಹುಡುಗರು: ಅಮೆರಿಕದ ಕಾಲೇಜ್ ಆಟಗಾರರ ಸಮಿತಿಯ ಒಂದು ಪ್ರಕರಣ

ಶನಿವಾರ ರಾತ್ರಿ ಪಂದ್ಯ ಮುಗಿಯುತ್ತದೆ, ಅದೂ ಬೇರೆ ಊರಿನಲ್ಲಿ. ಸ್ನಾನ, ಮೊಣಕಾಲಿಗೆ ಐಸ್, ಕೈಗೊಂದು ಊಟದ ಡಬ್ಬಿ, ಆಮೇಲೆ ಬಸ್ಸೋ ವಿಮಾನವೋ. ಹಾಸ್ಟೆಲ್ ಸೇರುವಷ್ಟರಲ್ಲಿ ಭಾನುವಾರ ಶುರುವಾಗಿ ಎಷ್ಟೋ ಹೊತ್ತಾಗಿರುತ್ತದೆ. ಅಮೆರಿಕದ ಕಾಲೇಜ್ ಕ್ರೀಡೆಯ ನಿಯಮದಂತೆ ಸೀಸನ್ ನಡೆಯುವಾಗ ಆಟಗಾರರಿಗೆ ವಾರಕ್ಕೊಂದು ದಿನ ರಜೆ ಕೊಡಲೇಬೇಕು. ಆದರೆ ಈ ಪ್ರಯಾಣದ ಭಾನುವಾರವನ್ನೇ ರಜೆ ಎಂದು ಬರೆದುಕೊಳ್ಳಲು ಕೋಚ್‌ಗೆ ಅವಕಾಶವಿತ್ತು. ಕಾಗದದ ಮೇಲೆ ರಜೆ ಕೊಟ್ಟಂತಾಯಿತು. ಹುಡುಗನಿಗೆ ಮಾತ್ರ ಸಿಗಲಿಲ್ಲ.

2017ರ ಜನವರಿಯಲ್ಲಿ ನ್ಯಾಶ್‌ವಿಲ್‌ನಲ್ಲಿ ಎನ್‌ಸಿಎಎ ಸಮಾವೇಶ ನಡೆಯಿತು. ಅಮೆರಿಕದ ಕಾಲೇಜ್ ಕ್ರೀಡೆಯನ್ನು ನಡೆಸುವ ದೊಡ್ಡ ಸಂಸ್ಥೆ ಎನ್‌ಸಿಎಎ. ಅಲ್ಲಿ ಕ್ರೀಡೆಯಲ್ಲಿ ದೇಶದ ಮುಂಚೂಣಿಯ 65 ಕಾಲೇಜುಗಳು ಸೇರಿ ಆ ಅವಕಾಶವನ್ನು ತೆಗೆದುಹಾಕಿದವು. ಅಂದು ಮತ ಹಾಕುವ ಹಕ್ಕಿದ್ದವರಲ್ಲಿ 15 ಮಂದಿ ವಿದ್ಯಾರ್ಥಿಗಳು. ಅವರೂ ಬೆಳಿಗ್ಗೆ ಎದ್ದು ಓಡುವವರು, ಸಂಜೆ ಪ್ರಾಕ್ಟೀಸ್ ಮುಗಿಸಿ ಪರೀಕ್ಷೆಗೆ ಓದುವವರು. ಕ್ಯಾಂಪಸ್‌ನಲ್ಲಿ ಆಟಗಾರರ ಸಮಿತಿ ಎಂಬುದೊಂದು ಇದ್ದರೆ ಅದರಿಂದ ನಿಜಕ್ಕೂ ಏನಾಗುತ್ತದೆ ಎಂದು ಕೇಳುವವರಿಗೆ ನಾನು ತೋರಿಸುವುದು ಈ ಪ್ರಕರಣವನ್ನೇ. ಅದರ ಶಕ್ತಿ, ಅದರ ಮಿತಿ ಎರಡೂ ಇಲ್ಲಿ ಕಾಣುತ್ತವೆ.

ಇಪ್ಪತ್ತು ಗಂಟೆಯೊಳಗೆ ಏನೇನು ಬರುವುದಿಲ್ಲ

ಸಮಸ್ಯೆಯ ಬೇರು 1991ರ ನಿಯಮದಲ್ಲಿದೆ. ಸೀಸನ್‌ನಲ್ಲಿ ದಿನಕ್ಕೆ ಹೆಚ್ಚೆಂದರೆ 4 ಗಂಟೆ, ವಾರಕ್ಕೆ 20 ಗಂಟೆ, ವಾರಕ್ಕೊಂದು ರಜೆ. ಓದಲು ಬಂದ ಮಕ್ಕಳನ್ನು ಮೈದಾನದಲ್ಲೇ ಸವೆಸಬಾರದು ಎಂಬ ಒಳ್ಳೆಯ ಉದ್ದೇಶದಿಂದಲೇ ಅದನ್ನು ತಂದಿದ್ದರು. ತೊಂದರೆ ಬಂದದ್ದು ಗಂಟೆಗಳನ್ನು ಎಣಿಸುವ ರೀತಿಯಲ್ಲಿ.

ಪಂದ್ಯದ ದಿನವನ್ನೇ ನೋಡಿ. ಪಂದ್ಯ ಎಷ್ಟು ಹೊತ್ತು ನಡೆದರೂ ಆ ದಿನಕ್ಕೆ 3 ಗಂಟೆ ಎಂದು ಬರೆದರೆ ಸಾಕು. ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ಆಡುವ ಹುಡುಗ ಬೆಳಿಗ್ಗೆ ಎದ್ದು ತಂಡದ ಜೊತೆ ತಿಂಡಿ ತಿನ್ನುತ್ತಾನೆ. ಪಾದಕ್ಕೆ ಟೇಪ್ ಸುತ್ತಿಸಿಕೊಳ್ಳಲು ಸಾಲಿನಲ್ಲಿ ನಿಲ್ಲುತ್ತಾನೆ. ಮೀಟಿಂಗ್‌ನಲ್ಲಿ ಕೂರುತ್ತಾನೆ, ಬಸ್ಸು ಹತ್ತಿ ಸ್ಟೇಡಿಯಂಗೆ ಹೋಗುತ್ತಾನೆ, ವಾರ್ಮ್ ಅಪ್ ಮಾಡುತ್ತಾನೆ, ಪಂದ್ಯ ಆಡುತ್ತಾನೆ. ಮುಗಿದ ಮೇಲೆ ಪತ್ರಕರ್ತರ ಮುಂದೆ ನಿಲ್ಲುತ್ತಾನೆ, ಗಾಯಕ್ಕೆ ಚಿಕಿತ್ಸೆ ಮಾಡಿಸಿಕೊಳ್ಳುತ್ತಾನೆ. ಇಷ್ಟೂ ಸೇರಿ ಲೆಕ್ಕದಲ್ಲಿ ಮೂರು ಗಂಟೆ! ಇನ್ನು ಬೇರೆ ಊರಿಗೆ ಪ್ರಯಾಣ, ಫಿಸಿಯೋ ಹತ್ತಿರ ಕಳೆಯುವ ಸಮಯ, ಕಾಲೇಜು ನೋಡಲು ಬಂದ ಪ್ರೌಢಶಾಲೆಯ ಆಟಗಾರನಿಗೆ ಕ್ಯಾಂಪಸ್ ಸುತ್ತಿಸುವುದು, ತಂಡಕ್ಕಾಗಿ ಹಣ ಸಂಗ್ರಹ, ಇವ್ಯಾವುವೂ 20 ಗಂಟೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಬಿರುಕು ಎಂದರೆ ಸ್ವಇಚ್ಛೆಯ ವ್ಯಾಯಾಮ. ಆಟಗಾರ ತಾನಾಗಿಯೇ ಜಿಮ್‌ಗೆ ಹೋದರೆ ಆ ಸಮಯವನ್ನು ಎಣಿಸುವಂತಿಲ್ಲ. ನಿಯಮದಲ್ಲಿ ಇದಕ್ಕೆ ಬಿಗಿಯಾದ ಷರತ್ತುಗಳೇ ಇವೆ. ಕೋಚ್ ಹೋಗು ಎನ್ನಬಾರದು, ಹಾಜರಿ ತೆಗೆದುಕೊಂಡು ಮೇಲಕ್ಕೆ ವರದಿ ಮಾಡಬಾರದು, ಬರದಿದ್ದವನಿಗೆ ಶಿಕ್ಷೆ ಕೊಡಬಾರದು. ಆದರೆ ತಂಡದ ಹತ್ತು ಜನ ಹೋಗುವಾಗ ಹನ್ನೊಂದನೆಯವನು ಮಲಗಿರಲು ಆಗುತ್ತದೆಯೇ? ಮುಂದಿನ ವಾರ ಯಾರನ್ನು ಆಡಿಸಬೇಕು ಎಂದು ನಿರ್ಧರಿಸುವವರು ಅದೇ ಕೋಚ್ ಅಲ್ವಾ?

ಎನ್‌ಸಿಎಎ ತಾನೇ ನಡೆಸಿದ 2015ರ ಸಮೀಕ್ಷೆಯಲ್ಲಿ ಮೊದಲ ಡಿವಿಷನ್‌ನ, ಅಂದರೆ ಕಾಲೇಜ್ ಕ್ರೀಡೆಯ ಮೂರು ಹಂತಗಳಲ್ಲಿ ಮೇಲಿನದರ ಆಟಗಾರರು ವಾರಕ್ಕೆ ಸುಮಾರು 34 ಗಂಟೆ ಆಟಕ್ಕೆ ಹೋಗುತ್ತದೆ ಎಂದರು. ಅತಿ ಎತ್ತರದ ಹಂತದ ಫುಟ್‌ಬಾಲ್‌ನಲ್ಲಿ ಅದು 42 ಗಂಟೆ. ನಿಯಮ 20 ಎನ್ನುತ್ತದೆ, ಫುಟ್‌ಬಾಲ್ ಮಕ್ಕಳು ಅದರ ದುಪ್ಪಟ್ಟು ಎನ್ನುತ್ತಾರೆ. ಹಾಗೆಂದು ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬೇಕಿಲ್ಲ. ಎಣಿಸುವ ವಿಧಾನವೇ ಬೇರೆ ಬೇರೆ.

ಸಮಿತಿ ಎಂಬುದು

ಈ ಸಮಿತಿಗೆ ಅಮೆರಿಕದಲ್ಲಿ ಸ್ಟೂಡೆಂಟ್-ಅಥ್ಲೀಟ್ ಅಡ್ವೈಸರಿ ಕಮಿಟಿ ಎಂದು ಹೆಸರು. ಎಲ್ಲರೂ ಚಿಕ್ಕದಾಗಿ ಸ್ಯಾಕ್ ಎನ್ನುತ್ತಾರೆ. ರಾಷ್ಟ್ರೀಯ ಸಮಿತಿ ಶುರುವಾದದ್ದು 1989ರಲ್ಲಿ. 1995ರಲ್ಲಿ ಪ್ರತಿ ಸದಸ್ಯ ಕಾಲೇಜಿನಲ್ಲೂ ಒಂದು ಇರಲೇಬೇಕು ಎಂದಾಯಿತು. 1997ರಿಂದ ಮೂರೂ ಡಿವಿಷನ್‌ಗಳಿಗೆ ಪ್ರತ್ಯೇಕ ರಾಷ್ಟ್ರೀಯ ಸಮಿತಿಗಳಿವೆ. ಕ್ಯಾಂಪಸ್‌ನಲ್ಲಿ ಪ್ರತಿ ತಂಡದಿಂದ ಒಬ್ಬರೋ ಇಬ್ಬರೋ ಬರುತ್ತಾರೆ. ಅಲ್ಲಿಂದ ಕಾನ್ಫರೆನ್ಸ್ ಮಟ್ಟಕ್ಕೆ, ಅಲ್ಲಿಂದ ರಾಷ್ಟ್ರ ಮಟ್ಟಕ್ಕೆ. ಕಾನ್ಫರೆನ್ಸ್ ಎಂದರೆ ತಮ್ಮತಮ್ಮಲ್ಲೇ ಆಡಿಕೊಳ್ಳುವ ಕಾಲೇಜುಗಳ ಕೂಟ.

ಕ್ಯಾಂಪಸ್ ಜೀವನದಲ್ಲಿ ಇದರ ದಿನನಿತ್ಯದ ಕೆಲಸ ಸಣ್ಣಸಣ್ಣದು. ಹೊಸದಾಗಿ ಬಂದ ಆಟಗಾರರನ್ನು ಬರಮಾಡಿಕೊಳ್ಳುವುದು, ಬಡವರಿಗೆ ಆಹಾರ ಸಂಗ್ರಹ, ವರ್ಷದ ಕೊನೆಯಲ್ಲಿ ಪ್ರಶಸ್ತಿ ಸಮಾರಂಭ. ಎರಡನೇ ಡಿವಿಷನ್‌ನ ಸಮಿತಿಗಳು 2003ರಿಂದ ಮೇಕ್-ಎ-ವಿಶ್ ಸಂಸ್ಥೆಗೆ ಹಣ ಕೂಡಿಸುತ್ತಿವೆ. ತೀವ್ರ ಕಾಯಿಲೆ ಇರುವ ಮಕ್ಕಳ ಆಸೆ ಈಡೇರಿಸುವ ಸಂಸ್ಥೆ ಅದು. ಮೂರನೇ ಡಿವಿಷನ್ 2011ರಿಂದ ಸ್ಪೆಷಲ್ ಒಲಿಂಪಿಕ್ಸ್ ಜೊತೆ ಕೈಜೋಡಿಸಿದೆ.

ಇದನ್ನೆಲ್ಲ ನೋಡಿ, ಇದು ಸುಮ್ನೆ ಸಮಾರಂಭದ ಸಮಿತಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈಜುಗಾರ್ತಿಗೆ ಕುಸ್ತಿಯವನ ಪರಿಚಯವಾಗುವುದು, ಗಾಲ್ಫ್ ಆಡುವವನಿಗೆ ವಾಲಿಬಾಲ್ ತಂಡದ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಗೊತ್ತಾಗುವುದು ಇಂಥ ಕೆಲಸಗಳಲ್ಲೇ. ಪ್ರತಿ ತಂಡವೂ ತನ್ನ ಕೋಚ್ ಸುತ್ತ ಒಂದು ಪ್ರತ್ಯೇಕ ಲೋಕ. ತಮ್ಮ ತಂಡದಲ್ಲಿ ನಡೆಯುವುದೇ ಎಲ್ಲ ಕಡೆ ನಡೆಯುತ್ತದೆ ಎಂದುಕೊಂಡಿರುವ ಹುಡುಗಿ, ಸಮಿತಿಯಲ್ಲಿ ಕೂತಾಗ ಪಕ್ಕದವಳಿಗೆ ವಾರಕ್ಕೊಂದು ನಿಜವಾದ ರಜೆ ಇದೆ ಎಂದು ಕೇಳುತ್ತಾಳೆ. ದೂರು ಹುಟ್ಟುವುದು ಅಲ್ಲಿ. ಆದರೆ ದೂರು ಹುಟ್ಟಿದ ಮೇಲೆ ಅದು ಎಲ್ಲಿಗೆ ಹೋಗಬೇಕು? 2014ರವರೆಗೆ ಮೊದಲ ಡಿವಿಷನ್‌ನ ಸಮಿತಿಗಳಿಗೆ ಸಲಹೆ ಕೊಡುವ ಅಧಿಕಾರವಿತ್ತು, ದೊಡ್ಡ ನಿರ್ಧಾರಗಳಲ್ಲಿ ಮತವಿರಲಿಲ್ಲ.

ಹೊರಗಿನಿಂದ ಬಂದ ಒತ್ತಡ

2014ರ ಜನವರಿಯಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರರು ಯೂನಿಯನ್ ಕಟ್ಟಲು ಅರ್ಜಿ ಹಾಕಿದರು. ಮುಂದೆ ನಿಂತವನು ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ದಾಳಿ ನಡೆಸುವ ಆಟಗಾರ, ಕೇನ್ ಕೋಲ್ಟರ್. ಮಾರ್ಚ್ 26ರಂದು ಅಮೆರಿಕ ಸರ್ಕಾರದ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಯ ಪ್ರಾದೇಶಿಕ ನಿರ್ದೇಶಕರು, ಸ್ಕಾಲರ್‌ಶಿಪ್ ಪಡೆಯುವ ಈ ಆಟಗಾರರು ನೌಕರರೇ ಎಂದು ತೀರ್ಪು ಕೊಟ್ಟರು. ತೀರ್ಪಿನಲ್ಲಿ ಗಂಟೆಗಳ ಲೆಕ್ಕವಿತ್ತು. ಸೀಸನ್‌ಗೆ ಮುಂಚಿನ ತರಬೇತಿ ಶಿಬಿರದಲ್ಲಿ ವಾರಕ್ಕೆ 50ರಿಂದ 60 ಗಂಟೆ, ಸೀಸನ್‌ನಲ್ಲಿ 40ರಿಂದ 50 ಗಂಟೆ. ಸಮಿತಿಗಳು ಮೀಟಿಂಗ್‌ಗಳಲ್ಲಿ ಹೇಳಿಕೊಂಡು ಬಂದ ಸಂಕಟ ಮೊದಲ ಬಾರಿಗೆ ಸರ್ಕಾರಿ ಕಾಗದದ ಮೇಲೆ ಅಂಕಿಯಾಗಿ ಬಂತು.

ಯೂನಿಯನ್ ಬೇಕೇ ಬೇಡವೇ ಎಂದು ಆಟಗಾರರು ಏಪ್ರಿಲ್‌ನಲ್ಲಿ ಮತ ಹಾಕಿದರು. ಆದರೆ ಆ ಮತಪೆಟ್ಟಿಗೆಯನ್ನು ಯಾರೂ ತೆರೆಯಲೇ ಇಲ್ಲ. ಮೇಲ್ಮನವಿ ನಡೆಯಿತು. 2015ರ ಆಗಸ್ಟ್ 17ರಂದು ರಾಷ್ಟ್ರೀಯ ಮಂಡಳಿ ಈ ವಿಷಯಕ್ಕೆ ನಾವು ಕೈ ಹಾಕುವುದಿಲ್ಲ ಎಂದಿತು. ಯೂನಿಯನ್ ಅಲ್ಲಿಗೆ ನಿಂತಿತು.

ಆ ನಡುವೆ ಎನ್‌ಸಿಎಎ ಸುಮ್ಮನೆ ಕೂತಿರಲಿಲ್ಲ. 2014ರ ಆಗಸ್ಟ್ 7ರಂದು ಅದರ ಮೊದಲ ಡಿವಿಷನ್ ಬೋರ್ಡ್ 16-2 ಮತಗಳಿಂದ ಹೊಸ ವ್ಯವಸ್ಥೆಗೆ ಒಪ್ಪಿತು. ಐದು ದೊಡ್ಡ ಕಾನ್ಫರೆನ್ಸ್‌ಗಳ 65 ಕಾಲೇಜುಗಳು ಕೆಲವು ವಿಷಯಗಳಲ್ಲಿ ತಮ್ಮ ನಿಯಮ ತಾವೇ ಮಾಡಿಕೊಳ್ಳಬಹುದು. ಆ ಸಭೆಯಲ್ಲಿ ಒಟ್ಟು 80 ಮತ. ಕಾಲೇಜಿಗೊಂದರಂತೆ 65, ಉಳಿದ 15 ವಿದ್ಯಾರ್ಥಿಗಳದ್ದು, ಅಂದರೆ ಕಾನ್ಫರೆನ್ಸ್‌ಗೆ ಮೂರು. ಬೋರ್ಡ್‌ನಲ್ಲಿ ಒಬ್ಬ ವಿದ್ಯಾರ್ಥಿ, ಅದರ ಕೆಳಗೆ ನಿಯಮ ಮಾಡುವ ಕೌನ್ಸಿಲ್‌ನಲ್ಲಿ ಇಬ್ಬರು. ಮರುದಿನವೇ ಆಟಗಾರರ ಹೆಸರು-ಚಿತ್ರ ಬಳಸಿ ಹಣ ಮಾಡುವುದರ ಬಗ್ಗೆ ನ್ಯಾಯಾಲಯದಲ್ಲಿ ಎನ್‌ಸಿಎಎ ವಿರುದ್ಧ ತೀರ್ಪು ಬಂತು. ಸುತ್ತಲೂ ಎಂಥ ಒತ್ತಡವಿತ್ತು ಎಂದು ಇದರಿಂದಲೇ ತಿಳಿಯಬಹುದು. ಯೂನಿಯನ್ ಕಟ್ಟಲು ಹೊರಟವರು ತಮಗಾಗಿ ಏನನ್ನೂ ಗೆಲ್ಲಲಿಲ್ಲ. ಆದರೆ ಸಮಿತಿಯ ಹುಡುಗರ ಕೈಗೆ ಮತ ಬಂದದ್ದರಲ್ಲಿ ಅವರ ಪಾಲು ದೊಡ್ಡದು ಎಂದೇ ನನ್ನ ನಂಬಿಕೆ.

2015ರ ಜನವರಿಯಲ್ಲಿ ಮೊದಲ ಸಭೆ. ಸ್ಕಾಲರ್‌ಶಿಪ್ ಮೊತ್ತಕ್ಕೆ ಓಡಾಟ, ಸಣ್ಣಪುಟ್ಟ ಖರ್ಚುಗಳನ್ನೂ ಸೇರಿಸಬಹುದು ಎಂಬ ಪ್ರಸ್ತಾವ 79-1ರಿಂದ ಗೆದ್ದಿತು. ಹಣದ ವಿಷಯ ಅಷ್ಟು ಸಲೀಸಾಗಿ ಮುಗಿಯಿತು. ಸಮಯದ ವಿಷಯ ಹಾಗಾಗಲಿಲ್ಲ.

ಒಂದು ವರ್ಷ ಮುಂದೆ ಹೋದದ್ದು

2016ರ ಜನವರಿ, ಸ್ಯಾನ್ ಆಂಟೋನಿಯೊ. ಸಮಯದ ಬಗ್ಗೆ ಪ್ರಸ್ತಾವಗಳು ಮೇಜಿನ ಮೇಲಿದ್ದವು. ಮತಕ್ಕೆ ಹಾಕದೆ ಮುಂದೂಡಿದರು. ಇನ್ನಷ್ಟು ಅಧ್ಯಯನ ಮಾಡಿ ಮುಂದಿನ ವರ್ಷ ಒಟ್ಟಾಗಿ ತರೋಣ ಎಂದು ನಿರ್ಣಯವಾಯಿತು.

ಆಡಳಿತದವರಿಗೆ ಒಂದು ವರ್ಷ ಏನೂ ಅಲ್ಲ. ಆಗ ಆಟಗಾರನಿಗೆ ಆಡಲು ಸಿಗುತ್ತಿದ್ದದ್ದೇ ನಾಲ್ಕು ಸೀಸನ್. ಮೂರನೇ ವರ್ಷದಲ್ಲಿ ಸಮಿತಿಗೆ ಬಂದವನು ವಿಷಯ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಪದವಿ ಮುಗಿಸಿ ಹೋಗಿರುತ್ತಾನೆ. ಎದುರು ಕೂತ ಅಥ್ಲೆಟಿಕ್ ಡೈರೆಕ್ಟರ್, ಅಂದರೆ ಕಾಲೇಜಿನ ಕ್ರೀಡಾ ವಿಭಾಗದ ಮುಖ್ಯಸ್ಥರು, ಮಾತ್ರ ಅಲ್ಲೇ ಇರುತ್ತಾರೆ. ಎಲ್ಲ ವಿದ್ಯಾರ್ಥಿ ಸಮಿತಿಗಳ ದೊಡ್ಡ ದೌರ್ಬಲ್ಯ ಇದು. ಮುಂದೂಡಿದರೆ ಸಾಕು, ಕೇಳಿದವರೇ ಇರುವುದಿಲ್ಲ.

ಈ ಸಲ ಹಾಗಾಗಲಿಲ್ಲ. ಕಾರಣ, ಸಮಿತಿ ಬೇಡಿಕೆಯನ್ನು ಕೆಲವರ ನೆನಪಿಗೆ ಬಿಡದೆ ಅಂಕಿಗೆ ಇಳಿಸಿತು. 2016ರಲ್ಲಿ ಮೊದಲ ಡಿವಿಷನ್‌ನ ಆಟಗಾರರಿಗೆಲ್ಲ ಒಂದು ಪ್ರಶ್ನಾವಳಿ ಹೋಯಿತು. ಉತ್ತರಿಸಿದವರು 44 ಸಾವಿರದಷ್ಟು ಜನ. ಕೋಚ್‌ಗಳನ್ನೂ ಆಡಳಿತದವರನ್ನೂ ಕೇಳಿದರು. ಹತ್ತು ಮಂದಿ ಪ್ರತಿನಿಧಿಗಳು ಬಂದು ನಮಗೆ ದಣಿವಾಗಿದೆ ಎಂದರೆ ಅದು ಅವರ ಅನಿಸಿಕೆ ಎನ್ನಬಹುದು. 44 ಸಾವಿರ ಜನರಿಗೆ ಹಾಗೆ ಹೇಳಲು ಆಗುವುದಿಲ್ಲ.

ಎಲ್ಲ ಆಟಕ್ಕೂ ಒಂದೇ ಅಳತೆ ಹೊಂದುವುದಿಲ್ಲ ಎಂಬುದೂ ಇಲ್ಲಿನ ಕಷ್ಟಗಳಲ್ಲೊಂದು. ಬೇಸ್‌ಬಾಲ್ ತಂಡ ಒಂದು ಸೀಸನ್‌ನಲ್ಲಿ 56 ಪಂದ್ಯಗಳವರೆಗೆ ಆಡಬಹುದು. ಫುಟ್‌ಬಾಲ್‌ಗೆ ಹನ್ನೆರಡರಷ್ಟು. ಈಜಿನವರು ಕ್ಲಾಸ್ ಶುರುವಾಗುವ ಮುಂಚೆಯೇ ನೀರಿಗಿಳಿಯುತ್ತಾರೆ. ಗಾಲ್ಫ್‌ಗೆ ಹಗಲಿನ ಬೆಳಕು ಬೇಕು, ಕ್ಲಾಸ್ ಇರುವುದೂ ಹಗಲಲ್ಲೇ. ಮೇಲಾಗಿ ಇವರೆಲ್ಲ ಆಟವನ್ನು ಪ್ರೀತಿಸುವವರು. ಕೊನೆಗೆ ಮತಕ್ಕೆ ಬಂದ ಪ್ರಸ್ತಾವಗಳಲ್ಲಿ ಪಂದ್ಯ ಕಡಿಮೆ ಮಾಡಿ ಎನ್ನುವ ಮಾತಿರಲಿಲ್ಲ. ಕೇಳಿದ್ದು ವಿಶ್ರಾಂತಿ, ಮತ್ತು ಮುಂಚಿತವಾಗಿ ಗೊತ್ತಿರುವ ವೇಳಾಪಟ್ಟಿ. ಕೋಚ್‌ಗಳಿಗೂ ಬೇಡ ಎನ್ನಲಾಗದಂಥ ಬೇಡಿಕೆ ಅದು. ಹೀಗೆ ಆರಿಸಿಕೊಂಡದ್ದು ಸಮಿತಿಯ ಜಾಣತನ.

ನ್ಯಾಶ್‌ವಿಲ್‌ನಲ್ಲಿ ಗೆದ್ದದ್ದು

2017ರ ಜನವರಿಯಲ್ಲಿ 65 ಕಾಲೇಜುಗಳಿಗೆ ಬಂದ ನಿಯಮಗಳು ಹೀಗಿವೆ. ರಾತ್ರಿ 9ರಿಂದ ಬೆಳಿಗ್ಗೆ 6ರೊಳಗೆ ಸತತ 8 ಗಂಟೆ ಆಟಕ್ಕೆ ಸಂಬಂಧಿಸಿದ ಯಾವ ಕಡ್ಡಾಯ ಕೆಲಸವೂ ಇರಬಾರದು. ಪ್ರಯಾಣದ ದಿನವನ್ನು ವಾರದ ರಜೆಯೆಂದು ಬರೆಯುವಂತಿಲ್ಲ. ಸೀಸನ್ ಮುಗಿದ ಮೇಲೆ 7 ದಿನ ಪೂರ್ತಿ ಬಿಡುವು. ಅದಲ್ಲದೆ ಕಾಲೇಜು ನಡೆಯುವ ಅವಧಿಯಲ್ಲಿ ಇನ್ನೂ 14 ದಿನ ರಜೆ. ಕೆಲವು ವಿನಾಯಿತಿಗಳಿದ್ದವು, ಆದರೂ ಗೆಲುವು ಸಣ್ಣದಲ್ಲ.

ಎಂಟು ಗಂಟೆಯ ನಿಯಮವನ್ನು ಹತ್ತಿರದಿಂದ ನೋಡಿ. ರಾತ್ರಿ 10ಕ್ಕೆ ಮೀಟಿಂಗ್ ಮುಗಿಸಿದ ಕೋಚ್ ಮರುದಿನ 6ಕ್ಕೆ ಮುಂಚೆ ಕರೆಯುವಂತಿಲ್ಲ. 5ಕ್ಕೇ ಕರೆಯಬೇಕೆಂದರೆ ಹಿಂದಿನ ರಾತ್ರಿ 9ಕ್ಕೆಲ್ಲ ಬಿಡಬೇಕು. ಗಡಿಯಾರ ನೋಡಿ ಹೇಳಬಹುದಾದ ನಿಯಮ ಇದು. ಉಲ್ಲಂಘನೆಯಾದರೆ ವಾದಕ್ಕೆ ಜಾಗವಿಲ್ಲ. ವಾರಕ್ಕೆ 20 ಗಂಟೆ ಎಂಬ ನಿಯಮದಲ್ಲಿ ಇಲ್ಲದ ಗುಣ ಇದು. ಎಲ್ಲವನ್ನೂ ಎಣಿಸಿ ಕೂಡಿಸುವ ನಿಯಮವನ್ನು ಹೇಗೆ ಬೇಕಾದರೂ ಬಗ್ಗಿಸಬಹುದು. ಮಲಗುವ ಹೊತ್ತಿಗೆ ಬೇಲಿ ಹಾಕಿದರೆ ಅಷ್ಟು ಸುಲಭವಾಗಿ ಕೀಳಲು ಬರುವುದಿಲ್ಲ. ದಿನಾ ಬೆಳಿಗ್ಗೆ ಏಳುವವರು ಮಾತ್ರ ಇಂಥ ನಿಯಮ ಯೋಚಿಸಬಲ್ಲರು. ವಕೀಲರು, ಆಡಳಿತದವರು 1991ರಿಂದ 20 ಗಂಟೆಯ ಸುತ್ತಲೇ ತಿರುಗುತ್ತಿದ್ದರು.

ಇದರ ಜೊತೆ ಬಂದದ್ದು ಟೈಮ್ ಮ್ಯಾನೇಜ್‌ಮೆಂಟ್ ಪ್ಲಾನ್. ಪ್ರತಿ ತಂಡವೂ ವರ್ಷದ ವೇಳಾಪಟ್ಟಿಯ ಯೋಜನೆಯನ್ನು ಬರೆದಿಡಬೇಕು. ಮುಂಚೆ ಲೆಕ್ಕಕ್ಕೇ ಬರದಿದ್ದ ಕೆಲಸಗಳು, ಅಂದರೆ ಹಣ ಸಂಗ್ರಹ, ಹೊಸ ಆಟಗಾರರ ಸತ್ಕಾರ, ಪತ್ರಕರ್ತರ ಭೇಟಿ, ಇವೂ ಕಡ್ಡಾಯ ಕೆಲಸ ಎಂದೇ ಅದರಲ್ಲಿ ಬರಬೇಕು. ಬದಲಾವಣೆಯಾದರೆ ಮುಂಚೆ ತಿಳಿಸಬೇಕು. ವರ್ಷದ ಕೊನೆಗೆ ಅಥ್ಲೆಟಿಕ್ ಡೈರೆಕ್ಟರ್, ಮುಖ್ಯ ಕೋಚ್, ಅಧ್ಯಾಪಕರ ಪ್ರತಿನಿಧಿ ಕೂತು ಅದನ್ನು ಪರಿಶೀಲಿಸುವಾಗ ಆಟಗಾರರ ಕಡೆಯಿಂದ ಒಬ್ಬರಾದರೂ ಅಲ್ಲಿರಬೇಕು.

ಬೆಂಗಳೂರಿನಲ್ಲಿ ಟೆನಿಸ್, ಈಜು, ಗಾಲ್ಫ್ ಆಡುವ ಮಕ್ಕಳಿಗೆ ಅಮೆರಿಕದ ಕಾಲೇಜ್ ಸ್ಕಾಲರ್‌ಶಿಪ್ ಹುಡುಕುವ ಅಪ್ಪ-ಅಮ್ಮಂದಿರಿಗೆ ಇಲ್ಲೊಂದು ಕಿವಿಮಾತು. ಕೋಚ್ ಜೊತೆ ವಿಡಿಯೊ ಕಾಲ್‌ನಲ್ಲಿ ಮಾತಾಡುವಾಗ ಎಷ್ಟು ಪರ್ಸೆಂಟ್ ಸ್ಕಾಲರ್‌ಶಿಪ್ ಎಂದು ಎಲ್ಲರೂ ಕೇಳುತ್ತಾರೆ. ತಂಡದ ಟೈಮ್ ಮ್ಯಾನೇಜ್‌ಮೆಂಟ್ ಪ್ಲಾನ್ ಇದೆಯೇ, ಅದನ್ನು ನೋಡಬಹುದೇ ಎಂದೂ ಕೇಳಿ. ಆ ತಂಡದಿಂದ ಸಮಿತಿಯಲ್ಲಿ ಯಾರಿದ್ದಾರೆ ಎಂದು ತಿಳಿದು ಅವರೊಂದಿಗೆ ಮಾತಾಡಲು ಹೇಳಿ. ಎಂಜಿನಿಯರಿಂಗ್ ಲ್ಯಾಬ್ ಮತ್ತು ಪ್ರಾಕ್ಟೀಸ್ ಒಂದೇ ಹೊತ್ತಿಗೆ ಬಂದರೆ ಯಾವುದನ್ನು ಬಿಡುತ್ತಾರೆ ಎಂದು ಆ ಹುಡುಗಿಗೆ ಗೊತ್ತಿರುತ್ತದೆ.

ನಮ್ಮ ಕಾಲೇಜುಗಳಲ್ಲೂ ಇಂಥ ತೊಡಕು ಇಲ್ಲದಿಲ್ಲ. ಇಂಟರ್ ಯೂನಿವರ್ಸಿಟಿ ಪಂದ್ಯಕ್ಕೆ ರೈಲು ಹತ್ತಿ ಹೋದ ಹುಡುಗನಿಗೆ ವಾಪಸ್ ಬಂದಾಗ ಇಂಟರ್ನಲ್ಸ್ ಮುಗಿದಿರುತ್ತವೆ, ಹಾಜರಿ ಕಡಿಮೆಯಾಗಿರುತ್ತದೆ. ಪಿಡಿ ಸರ್ ಪತ್ರ ಬರೆದುಕೊಡುತ್ತಾರೆ, ಹುಡುಗ ಅದನ್ನು ಹಿಡಿದು ಒಬ್ಬೊಬ್ಬ ಲೆಕ್ಚರರ್ ಹತ್ತಿರವೂ ನಿಲ್ಲುತ್ತಾನೆ. ಕ್ರೀಡಾ ಕಾರ್ಯದರ್ಶಿ ಎಂಬ ಹುದ್ದೆ ಎಷ್ಟೋ ಕಾಲೇಜುಗಳಲ್ಲಿದೆ. ಸ್ಪೋರ್ಟ್ಸ್ ಡೇ ಬಂದಾಗ ಆತನಿಗೆ ಕೈತುಂಬ ಕೆಲಸ. ಪರೀಕ್ಷೆಯ ದಿನಾಂಕ ಗೊತ್ತುಮಾಡುವ ಸಭೆಗೆ ಆತನನ್ನು ಕರೆಯುವ ಕಾಲೇಜು ಇದ್ದರೆ ಅದು ಎಲ್ಲರೂ ಹೋಗಿ ನೋಡಬೇಕಾದ ಕಾಲೇಜು. 2022ರಲ್ಲಿ ಬೆಂಗಳೂರಿನಲ್ಲೇ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆಯಿತು. ಅಷ್ಟು ದೊಡ್ಡ ಕೂಟ ನಡೆಸುವ ಊರಿನಲ್ಲಿ ಆಟಗಾರರ ಕಡೆಯಿಂದ ಮಾತಾಡುವವರೂ ಆ ಸಭೆಗಳಲ್ಲಿ ಕೂರಬೇಕು.

ಗೆಲ್ಲದೆ ಉಳಿದದ್ದು

ಸ್ವಇಚ್ಛೆಯ ವ್ಯಾಯಾಮದ ಬಿರುಕು ಹಾಗೇ ಉಳಿಯಿತು. ಕಡ್ಡಾಯ ಎಂದು ಬರೆದದ್ದಕ್ಕೆ ಮಾತ್ರ ಬೇಲಿ ಬಿತ್ತು. ಉಲ್ಲಂಘನೆಯಾದರೆ ದೂರು ಕೊಡಬೇಕಾದವನು ಅದೇ ಆಟಗಾರ. ಸ್ಕಾಲರ್‌ಶಿಪ್, ತಂಡದಲ್ಲಿ ಜಾಗ, ಮುಂದೆ ವೃತ್ತಿಪರ ತಂಡಗಳಿಗೆ ಹೋಗಬೇಕಾದ ಒಳ್ಳೆಯ ಮಾತು, ಎಲ್ಲವೂ ಕೋಚ್ ಕೈಯಲ್ಲಿರುವಾಗ ಬಾಯಿ ಬಿಡುವುದು ಸುಲಭವಲ್ಲ. ಆ ಹೆದರಿಕೆಯನ್ನು ಯಾವ ಸಮಿತಿಯೂ ಪೂರ್ತಿ ತೆಗೆಯಲಾರದು.

ಹಣದ ವಿಷಯದಲ್ಲಿ ದೊಡ್ಡ ಬದಲಾವಣೆಗಳು ಸಮಿತಿಯಿಂದ ಬರಲಿಲ್ಲ. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಒಂಬತ್ತೂ ನ್ಯಾಯಮೂರ್ತಿಗಳ ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟಿತು. ಮರುತಿಂಗಳಿಂದ ಆಟಗಾರರು ತಮ್ಮ ಹೆಸರಿನಿಂದ ಜಾಹೀರಾತು ಹಣ ಗಳಿಸಲು ದಾರಿಯಾಯಿತು. 2025ರ ಜೂನ್‌ನಲ್ಲಿ ಒಪ್ಪಿಗೆಯಾದ ರಾಜಿಯಂತೆ ಒಂದು ಕಾಲೇಜು ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದು. ಇವೆಲ್ಲ ಕೋರ್ಟುಗಳಿಂದ, ರಾಜ್ಯಗಳ ಕಾನೂನುಗಳಿಂದ ಬಂದದ್ದು.

ಸಮಿತಿ ಗೆದ್ದದ್ದು ಬೇರೆ ಜಾತಿಯ ವಿಷಯಗಳಲ್ಲಿ. 2019ರಲ್ಲಿ 65 ಕಾಲೇಜುಗಳು ಆಟಗಾರರಿಗೆ ಮಾನಸಿಕ ಆರೋಗ್ಯದ ನೆರವು ಒದಗಿಸಲೇಬೇಕು ಎಂಬ ನಿಯಮ ಬಂತು. 2020ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಚುನಾವಣೆಯ ದಿನ ಮೊದಲ ಡಿವಿಷನ್‌ನಲ್ಲಿ ಪ್ರಾಕ್ಟೀಸ್, ಪಂದ್ಯ ಏನೂ ಬೇಡ ಎಂದಾಯಿತು. ಆ ವಿಚಾರವನ್ನು ಮೊದಲು ಎತ್ತಿದ್ದು ಜಾರ್ಜಿಯಾ ಟೆಕ್‌ನ ಒಬ್ಬ ಸಹಾಯಕ ಕೋಚ್, ಅದರ ಬೆನ್ನಿಗೆ ನಿಂತದ್ದು ವಿದ್ಯಾರ್ಥಿ ಸಮಿತಿ. ನಿದ್ದೆ, ಮನಸ್ಸಿನ ನೆಮ್ಮದಿ, ಮತ ಹಾಕಲು ಒಂದು ದಿನ. ಇವನ್ನು ಕೇಳಲು ಯಾರೂ ಕೋರ್ಟಿಗೆ ಹೋಗುವುದಿಲ್ಲ. ಸಮಿತಿ ಇಲ್ಲದಿದ್ದರೆ ಇವನ್ನು ಕೇಳುವವರೇ ಇರುತ್ತಿರಲಿಲ್ಲ.

ಈಗ ಹೊಸ ತೊಂದರೆ ಬಂದಿದೆ. 2024ರ ಆಗಸ್ಟ್‌ನಲ್ಲಿ ಪಶ್ಚಿಮ ಕರಾವಳಿಯ ಹಳೆಯ ಪ್ಯಾಕ್-12 ಕಾನ್ಫರೆನ್ಸ್ ಹರಿದು ಹಂಚಿಹೋಯಿತು. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಈಗ ನ್ಯೂಜೆರ್ಸಿಯ ರಟ್‌ಗರ್ಸ್ ಇರುವ ಕಾನ್ಫರೆನ್ಸ್‌ನಲ್ಲಿದೆ. ಸ್ಟ್ಯಾನ್‌ಫರ್ಡ್, ಬರ್ಕ್ಲಿ ತಂಡಗಳು ಬಾಸ್ಟನ್, ಫ್ಲಾರಿಡಾ ಕಡೆಯ ಕಾಲೇಜುಗಳೊಂದಿಗೆ ಆಡುತ್ತವೆ. ಮೂರು ಗಂಟೆಯ ಸಮಯ ವ್ಯತ್ಯಾಸ, ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ವಿಮಾನ. ಟಿವಿ ಹಣ ಬರುವುದು ಫುಟ್‌ಬಾಲ್‌ನಿಂದ, ಪ್ರಯಾಣ ಮಾಡಬೇಕಾದವರು ವಾಲಿಬಾಲ್, ಸಾಫ್ಟ್‌ಬಾಲ್ ಹುಡುಗಿಯರೂ ಹೌದು. ಪ್ರಯಾಣದ ದಿನ ರಜೆಯಲ್ಲ ಎಂಬ 2017ರ ನಿಯಮ ಅವರಿಗೆ ಒಂದು ದಿನ ಉಳಿಸಿಕೊಡಬಹುದು, ವಾರದ ಮಧ್ಯೆ ತಪ್ಪಿದ ಕ್ಲಾಸ್ ಉಳಿಸಿಕೊಡುವುದಿಲ್ಲ.

ಕಾನ್ಫರೆನ್ಸ್ ಬದಲಿಸುವ ನಿರ್ಧಾರ ಮಾಡಿದ್ದು ವಿಶ್ವವಿದ್ಯಾಲಯಗಳ ಮುಖ್ಯಸ್ಥರು, ಆಡಳಿತ ಮಂಡಳಿಗಳು. ಆ ಮಾತುಕತೆಯಲ್ಲಿ ಆಟಗಾರರ ಸಮಿತಿಗಳಿಗೆ ಮತವಿರಲಿಲ್ಲ. ಮುಂದಿನ ಪಂದ್ಯಪಟ್ಟಿ ತಯಾರಿಸುವಾಗಲಾದರೂ, ಯಾವ ತಂಡ ಯಾವ ವಾರ ಎಷ್ಟು ದೂರ ಹೋಗಬೇಕು ಎಂಬುದರಲ್ಲಿ ಪ್ರತಿ ಕಾನ್ಫರೆನ್ಸ್‌ನ ಸಮಿತಿಗೂ ಮತ ಸಿಗಬೇಕು. ನ್ಯಾಶ್‌ವಿಲ್‌ಗೆ ಮುಂಚೆ ಮಾಡಿದಂತೆ ಈಗಲೂ ಎಲ್ಲ ಆಟಗಾರರನ್ನು ಕೇಳಿ, ತಪ್ಪಿದ ಕ್ಲಾಸ್‌ಗಳನ್ನು ಎಣಿಸಿ, ಆ ಅಂಕಿಯನ್ನು ಮುಂದಿಟ್ಟೇ ಸಮಿತಿಗಳು ಈ ಹಕ್ಕನ್ನು ಕೇಳಬೇಕು.